ರಸ್ತೆ ತಡವಾದ ದಂಡದಲ್ಲಿ ಊರಿನ ಪಾಲು: ಕೇಳುವ ಕ್ರಮ

ಲೋಕೋಪಯೋಗಿ ಇಲಾಖೆಯ ವಿಭಾಗ ಕಚೇರಿಯೊಂದರ ಲೆಕ್ಕಪತ್ರ ಶಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ನಾನು. ಕಾಮಗಾರಿ ತಡವಾದಾಗ ಗುತ್ತಿಗೆದಾರರ ಬಿಲ್ಲಿನಲ್ಲಿ ದಂಡ ಮುರಿದುಕೊಂಡು ಬರೆದದ್ದು ಈ ಕೈ. ಒಂದೆರಡು ವರ್ಷದ ಮೇಲೆ ಅದೇ ಹಣವನ್ನು ಮರಳಿ ಕೊಡಲು ಟಿಪ್ಪಣಿ ಹಾಳೆ ತುಂಬಿಸಿದ್ದೂ ಇದೇ ಕೈ. ಎರಡೂ ಸಲ ಸಂಬಳ ಬಂತು, ನಿದ್ದೆಯೂ ಬಂತು.

ನಿವೃತ್ತನಾಗಿ ಗದಗಿನಲ್ಲಿ ನೆಲೆಸಿದ ಮೇಲೆ ಲಕ್ಷ್ಮೇಶ್ವರದ ಆಚೆ, ಹಾವೇರಿ ಜಿಲ್ಲೆಯ ಗಡಿಯ ಹತ್ತಿರದ ಅಕ್ಕನ ಊರಿಗೆ ಹೋಗಿ ಬರುವುದು ಹೆಚ್ಚಾಯಿತು. ಆ ಊರಿನ ರಸ್ತೆ ಹನ್ನೊಂದು ತಿಂಗಳಲ್ಲಿ ಮುಗಿಯಬೇಕಾಗಿತ್ತು. ಮೂವತ್ತು ತಿಂಗಳು ಹಿಡಿಯಿತು. ಹಳೆಯ ಡಾಂಬರು ಕಿತ್ತು ಖಡಿ ಸುರಿದು ಹೋದವರು ಎರಡು ಮಳೆಗಾಲ ಕಾಣಲಿಲ್ಲ. ಎರೆ ನೆಲ ನಿಮಗೆ ಗೊತ್ತಿರಬೇಕು: ಬೇಸಿಗೆಯಲ್ಲಿ ಧೂಳು, ಮಳೆಯಲ್ಲಿ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಅಂಟು. ಒಂದು ಸಂಜೆ ಅಕ್ಕ ರೊಟ್ಟಿ ಬಡಿಯುತ್ತ ಕೇಳಿದಳು: ‘ತಮ್ಮಾ, ಗುತ್ತಿಗೆದಾರನಿಗೆ ದಂಡ ಹಾಕಿದ್ದಾರಂತೆ. ಧೂಳು ಕುಡಿದವರು ನಾವು. ಆ ದಂಡದ ದುಡ್ಡು ಯಾರ ಮನೆಗೆ ಹೋಯಿತು?’

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆ ನನ್ನ ಮೇಜಿಗೆ ಬಂದೇ ಇರಲಿಲ್ಲ. ಅವಳ ಊರಿನವರೊಂದಿಗೆ ಓಡಾಡಿ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಬರೆದಿಡುತ್ತಿದ್ದೇನೆ.

ರಸ್ತೆ ಯಾರದ್ದು?

ಇದನ್ನು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆಗಳು ಬಹುತೇಕ ಪಂಚಾಯತ್ ರಾಜ್ ಎಂಜಿನಿಯರಿಂಗ್ ಕಡೆ ಬರುತ್ತವೆ. ನಮ್ಮ ಸೀಮೆಯಲ್ಲಿ ಹಾದುಹೋಗುವ 48, 52 ಮತ್ತು 67 ರಾಷ್ಟ್ರೀಯ ಹೆದ್ದಾರಿಗಳು. ಅವುಗಳ ದಂಡ ರಾಜ್ಯದ ಬೊಕ್ಕಸಕ್ಕೆ ಬರುವುದಿಲ್ಲ, ಆದ್ದರಿಂದ ಜಿಲ್ಲೆಯಲ್ಲಿ ಕೂಗಿ ಪ್ರಯೋಜನ ಕಡಿಮೆ. ಕಾಮಗಾರಿಯ ಫಲಕದ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ: ಕಾಮಗಾರಿಯ ಹೆಸರು, ಮೊತ್ತ, ಆರಂಭದ ದಿನ, ಮುಗಿಯಬೇಕಾದ ದಿನ. ಕೆಲಸ ಆರಂಭವಾದ ವಾರದಲ್ಲೇ ತೆಗೆಯಿರಿ. ತಡವಾದ ಕಾಮಗಾರಿಗಳ ಫಲಕಗಳಿಗೆ ಗಾಳಿಯ ಕಾಟ ಜಾಸ್ತಿ. ಅಕ್ಕನ ಊರಿನದು ಎರಡನೆಯ ಮಳೆಗಾಲದ ಹೊತ್ತಿಗೆ ಯಾರದೋ ಕೊಟ್ಟಿಗೆಯ ತಡಿಕೆಯಾಗಿತ್ತು.

ದಂಡ ಎನ್ನುವ ಮಾತು ಅರ್ಜಿಯಲ್ಲಿ ಬೇಡ

ಬಾಯಿಮಾತಿನಲ್ಲಿ ದಂಡ ಎನ್ನುತ್ತೇವೆ. ಕಾನೂನಿನ ಕಣ್ಣಿನಲ್ಲಿ ಅದು ನಷ್ಟ ಪರಿಹಾರ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಮೊದಲೇ ಬರೆದ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರವನ್ನಷ್ಟೇ ಪಡೆಯಬಹುದು. ಕೇಂದ್ರದ ಹೆದ್ದಾರಿ ಸಚಿವಾಲಯದ ಮಾದರಿ ಇಪಿಸಿ ಒಪ್ಪಂದದಲ್ಲಿ (ವಿನ್ಯಾಸದಿಂದ ನಿರ್ಮಾಣದವರೆಗೆ ಎಲ್ಲವನ್ನೂ ಒಬ್ಬನೇ ಗುತ್ತಿಗೆದಾರನಿಗೆ ವಹಿಸುವ ಬಗೆ) ದಿನವೊಂದಕ್ಕೆ ಗುತ್ತಿಗೆ ಮೊತ್ತದ ಶೇ 0.05, ಒಟ್ಟು ಶೇ 10 ಮೀರಬಾರದು. ಹತ್ತು ಕೋಟಿಯ ಕೆಲಸವಾದರೆ ದಿನಕ್ಕೆ 50,000 ರೂಪಾಯಿ, ಹೆಚ್ಚೆಂದರೆ ಒಂದು ಕೋಟಿ. ಇನ್ನೂರು ದಿನಕ್ಕೆ ಮೀಟರು ನಿಂತುಬಿಡುತ್ತದೆ. ಆಮೇಲೆ ಎಷ್ಟು ಮಲಗಿದರೂ ಅಷ್ಟೇ. ನಿಮ್ಮ ರಸ್ತೆಯ ದರ ಬೇರೆ ಇರಬಹುದು, ಅದು ಒಪ್ಪಂದದ ಕಾಂಟ್ರ್ಯಾಕ್ಟ್ ಡೇಟಾ ಪುಟದಲ್ಲಿ ಸಿಗುತ್ತದೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಗೊತ್ತಿರಲಿ. ಓಎನ್‌ಜಿಸಿ ಮತ್ತು ಸಾ ಪೈಪ್ಸ್ ನಡುವಿನ 2003ರ ತೀರ್ಪಿನಲ್ಲಿ ನ್ಯಾಯಾಲಯ ಕೊಟ್ಟ ಉದಾಹರಣೆಯೇ ನಮ್ಮದು: ರಸ್ತೆ ಅಥವಾ ಸೇತುವೆ ತಡವಾದರೆ ಸಮಾಜಕ್ಕೆ, ಸರ್ಕಾರಕ್ಕೆ ಎಷ್ಟು ನಷ್ಟವಾಯಿತೆಂದು ಸಾಬೀತು ಮಾಡುವುದು ಕಷ್ಟ, ಅಂಥಲ್ಲಿ ಮೊದಲೇ ಒಪ್ಪಿದ ಮೊತ್ತ ನ್ಯಾಯವಾಗಿದ್ದರೆ ಅದನ್ನು ಕೊಡಿಸಬಹುದು. ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ 2015ರ ತೀರ್ಪು ಇನ್ನೊಂದು ತುದಿ ಹಿಡಿಯಿತು: ನಷ್ಟವೇ ಆಗಿರದಿದ್ದರೆ 74ನೇ ಕಲಮು ಅನ್ವಯಿಸುವುದಿಲ್ಲ. ಗುತ್ತಿಗೆದಾರರ ವಕೀಲರು ಹಿಡಿದುಕೊಳ್ಳುವುದು ಈ ತುದಿಯನ್ನು. ‘ರಸ್ತೆ ತಡವಾಯಿತು ನಿಜ, ಇಲಾಖೆಗೆ ಏನು ನಷ್ಟವಾಯಿತು ತೋರಿಸಿ’ ಎಂದಾಗ ಕಚೇರಿಯಲ್ಲಿ ತೋರಿಸಲು ಏನೂ ಇರುವುದಿಲ್ಲ. ನಾನೇ ಕಪಾಟು ಹುಡುಕಿದ್ದೇನೆ. ಅದರಲ್ಲಿ ಖಡಿಯ ಲೆಕ್ಕವಿತ್ತು, ಡಾಂಬರಿನ ಲೆಕ್ಕವಿತ್ತು, ನಡೆದು ಸತ್ತವರ ಲೆಕ್ಕ ಇರಲಿಲ್ಲ.

ಆ ಲೆಕ್ಕ ಊರಿನಲ್ಲಿ ಹುಟ್ಟಬೇಕು, ರಸ್ತೆ ಇನ್ನೂ ಕೆಟ್ಟಿರುವಾಗಲೇ.

ಡೈರಿ

ಅಕ್ಕನ ಮೊಮ್ಮಗಳು ಆಗ ಪಿಯುಸಿ ಓದುತ್ತಿದ್ದಳು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಅವಳು ಬರೆದಿಟ್ಟದ್ದು ನನ್ನ ಯಾವ ಟಿಪ್ಪಣಿ ಹಾಳೆಗಿಂತಲೂ ಗಟ್ಟಿಯಾಗಿತ್ತು. ಬೆಳಗಿನ ಬಸ್ಸು ಬರಲಿಲ್ಲ, ಕ್ರಾಸಿನವರೆಗೆ ನಡೆದೆವು, ಏಳು ಮಂದಿ. ಹಳ್ಳದ ಬಳಿ ಟಂಟಂ ಹೂತಿತು, ಎಳೆಯಲು ಟ್ರ್ಯಾಕ್ಟರಿಗೆ 300 ರೂಪಾಯಿ. ಹೀಗೆ ಒಂದೊಂದು ಸಾಲು, ದಿನಾಂಕದ ಸಮೇತ. ‘ಜನರಿಗೆ ಬಹಳ ತೊಂದರೆಯಾಯಿತು’ ಎಂಬಂಥ ವಾಕ್ಯ ಒಂದೂ ಇರಲಿಲ್ಲ. ಆ ವಾಕ್ಯ ಮನವಿಪತ್ರಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಅದನ್ನು ಓದಿ ಯಾವ ಲೆಕ್ಕದವನೂ ಪೆನ್ನು ಎತ್ತಿದ್ದನ್ನು ನಾನು ಕಂಡಿಲ್ಲ.

ಡೈರಿಗೆ ಜೋಡಿಯಾಗಿ ಬೇರೆಯವರ ಕಾಗದಗಳು ಬೇಕು, ಏಕೆಂದರೆ ನಿಮ್ಮ ಡೈರಿಯನ್ನು ನೀವೇ ಬರೆದದ್ದು ಎನ್ನುತ್ತಾರೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಡಿಪೊದಲ್ಲಿ ಯಾವ ಟ್ರಿಪ್ ಯಾವ ದಿನ ರದ್ದಾಯಿತು ಎಂಬ ದಾಖಲೆ ಇರುತ್ತದೆ; ಮಾಹಿತಿ ಹಕ್ಕಿನಲ್ಲಿ ಕೇಳಿ. ಹಾಲಿನ ಸಂಘದಲ್ಲಿ ಹಾಲು ಒಡೆದು ತಿರುಗಿ ಬಂದ ದಿನಗಳನ್ನು ಬರೆದಿರುತ್ತಾರೆ. ಶಾಲೆಯ ಹಾಜರಿ ಇದೆ. ನಮ್ಮ ಕಡೆ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋಗುತ್ತದೆ. ಚೀಲಕ್ಕೆ 40 ರೂಪಾಯಿ ಇದ್ದ ಬಾಡಿಗೆ ಆ ವರ್ಷ 65 ಆಗಿತ್ತು. ಗಾಡಿಯವನ ಚೀಟಿಗಳನ್ನು ಭಾವ ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದರು. ಅಷ್ಟೂ ನಮಗೆ ಆಧಾರವಾದವು.

ಮಾಹಿತಿ ಹಕ್ಕಿನ ಅರ್ಜಿ

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ಮೊದಲ ಅರ್ಜಿ ನಾಲ್ಕು ಪುಟವಿತ್ತು. ಪಂಚಾಯಿತಿ ಸದಸ್ಯರೊಬ್ಬರು ಇಡೀ ಸಿಟ್ಟನ್ನು ಅದರಲ್ಲಿ ಸುರಿದಿದ್ದರು. ಅದು ತಿರುಗಿ ಬಂದದ್ದು ನ್ಯಾಯವೇ. ಎರಡನೆಯದನ್ನು ನಾನು ಬರೆದೆ:

‘ವಿಷಯ: (ಫಲಕದಲ್ಲಿರುವಂತೆ ಕಾಮಗಾರಿಯ ಹೆಸರು) ಕಾಮಗಾರಿಯ ವಿಳಂಬದ ದಾಖಲೆಗಳು. ಕೆಳಗಿನವುಗಳ ದೃಢೀಕೃತ ಪ್ರತಿ ಕೊಡಬೇಕು. ಒಪ್ಪಂದದ ಕಾಂಟ್ರ್ಯಾಕ್ಟ್ ಡೇಟಾ ಪುಟಗಳು. ಅವಧಿ ವಿಸ್ತರಣೆ ಕೋರಿದ ಪತ್ರಗಳು ಮತ್ತು ಅವುಗಳ ಮೇಲಿನ ಆದೇಶಗಳು. ಪ್ರತಿ ಬಿಲ್ಲಿನಲ್ಲಿ ವಿಳಂಬಕ್ಕಾಗಿ ಕಡಿತವಾದ ಮೊತ್ತ, ವೋಚರ್ ಸಂಖ್ಯೆ, ದಿನಾಂಕ. ಆ ಮೊತ್ತ ಜಮೆಯಾದ ಲೆಕ್ಕ ಶೀರ್ಷಿಕೆ. ಮರುಪಾವತಿಯಾಗಿದ್ದರೆ ಅದರ ಆದೇಶ ಮತ್ತು ಟಿಪ್ಪಣಿ ಹಾಳೆ.’

‘ಏಕೆ ತಡವಾಯಿತು’ ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ಕಡತದಲ್ಲಿ ಇರುವ ಕಾಗದವನ್ನು. ಕಾರಣ ಕೇಳಿದರೆ ‘ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಆ ಎರಡು ಸಾಲನ್ನು ನಾನೂ ಬರೆದಿದ್ದೇನೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು; ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಬೇರೆ ಕಚೇರಿಯ ವಿಷಯವಾದರೆ ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಕಲಮಿನ ಪ್ರಕಾರ ಐದು ದಿನದಲ್ಲಿ ಅವರೇ ವರ್ಗಾಯಿಸಬೇಕು. ಕಡತವನ್ನು ಖುದ್ದಾಗಿ ನೋಡುವ ಹಕ್ಕೂ ಇದೆ. ಸಾಧ್ಯವಿದ್ದರೆ ಹೋಗಿ ಕುಳಿತು ನೋಡಿ, ಲೆಕ್ಕ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು.

ಬಂದ ಉತ್ತರವನ್ನು ಓದುವುದು

ನನ್ನ ಕಸುಬಿನ ಗುಟ್ಟು ಇಲ್ಲಿದೆ. ಕಡಿತವಾದ ಹಣವೆಲ್ಲ ವಸೂಲಾದ ಹಣವಲ್ಲ. ಲೆಕ್ಕ ಶೀರ್ಷಿಕೆ ಎಂದರೆ ಹಣ ಸರ್ಕಾರದ ಯಾವ ಖಾತೆಗೆ ಸೇರಿತು ಎಂದು ಹೇಳುವ ಸಂಖ್ಯೆ. ಅದರ ಮೊದಲ ನಾಲ್ಕು ಅಂಕಿಗಳ ಮೇಲೆ ಬೆರಳಿಡಿ. 8443 ಎಂದಿದ್ದರೆ ಅದು ಠೇವಣಿ. ಹಣ ತಡೆಹಿಡಿದಿದ್ದಾರೆ, ಯಾವಾಗ ಬೇಕಾದರೂ ಮರಳಿ ಹೋಗಬಹುದು. 0059 ಅಥವಾ 1054 ಇದ್ದರೆ ಆದಾಯಕ್ಕೆ ಜಮೆಯಾಗಿದೆ, ಅಂದರೆ ಸರ್ಕಾರ ನುಂಗಿಕೊಂಡಿದೆ. 3054 ಅಥವಾ 5054 ಇದ್ದರೆ ಅದು ರಸ್ತೆಯ ಖರ್ಚಿನ ಕಡೆಯದು. ಖರ್ಚಿನಲ್ಲೇ ಕಳೆದು ತೋರಿಸಿದ್ದಾರೆ, ಹಾಗಾಗಿ ಬೇರೆ ಹಣವಾಗಿ ಅದು ಎಲ್ಲಿಯೂ ಕಾಣುವುದಿಲ್ಲ.

ಅಕ್ಕನ ಊರಿನ ಕಾಗದದಲ್ಲಿ ಇದ್ದದ್ದು 8443. ಪಂಚಾಯಿತಿಯವರು ಮೊತ್ತ ನೋಡಿ ಪೇಡೆ ತರಿಸಲು ಹೊರಟಿದ್ದರು, ನಾನು ತಡೆದೆ.

ಅಂತಿಮ ಬಿಲ್ಲಿನ ಹೊತ್ತಿಗೆ ಗುತ್ತಿಗೆದಾರ ಅವಧಿ ವಿಸ್ತರಣೆಗೆ ಬರೆಯುತ್ತಾನೆ. ಅತಿವೃಷ್ಟಿ, ಕಂಬ ಸ್ಥಳಾಂತರ, ಭೂಸ್ವಾಧೀನ, ಮರಳಿನ ಅಭಾವ. ಮೇಲಿನವರು ‘ದಂಡರಹಿತವಾಗಿ ವಿಸ್ತರಿಸಲಾಗಿದೆ’ ಎಂದು ಆದೇಶ ಹೊರಡಿಸುತ್ತಾರೆ, ಠೇವಣಿ ಕರಗುತ್ತದೆ. ಇದೆಲ್ಲ ಮೋಸವೇ ಎಂದು ಹೇಳಲಾರೆ. ಕಂಬ ಎತ್ತಿಸಿ ಕೊಡಬೇಕಾದದ್ದು ಇಲಾಖೆ, ಅದು ಎಂಟು ತಿಂಗಳು ತಡ ಮಾಡಿದರೆ ಗುತ್ತಿಗೆದಾರನ ತಪ್ಪೇನು? ಆ ಎಂಟು ತಿಂಗಳಿಗೆ ನಷ್ಟ ಪರಿಹಾರ ನಿಲ್ಲುವುದಿಲ್ಲ, ನೀವೂ ಕೇಳಬಾರದು. ಆದರೆ ಅತಿವೃಷ್ಟಿ ಎಂದು ಬರೆದ ತಿಂಗಳಲ್ಲಿ ನಿಮ್ಮ ಡೈರಿ ‘ಮಳೆ ಇಲ್ಲ, ರೋಲರ್ ನಿಂತಿದೆ, ಕೂಲಿಯವರು ಬೇರೆ ಕೆಲಸಕ್ಕೆ ಹೋದರು’ ಎನ್ನುತ್ತಿದ್ದರೆ, ಆ ಪುಟ ಕಾರ್ಯನಿರ್ವಾಹಕ ಎಂಜಿನಿಯರರ ಮೇಜಿಗೆ ಹೋಗಬೇಕು. ವಿಸ್ತರಣೆಯ ಆದೇಶ ಆಗುವ ಮುನ್ನ ಹೋಗಬೇಕು, ಸ್ವೀಕೃತಿ ಮುದ್ರೆಯೊಂದಿಗೆ. ಆದೇಶವಾದ ಮೇಲೆ ಊರೆಲ್ಲ ಸೇರಿ ಧರಣಿ ಕುಳಿತರೂ ಹೋದ ಠೇವಣಿ ಬರುವುದಿಲ್ಲ. ಒಳ್ಳೆಯ ಎಂಜಿನಿಯರರಿಗೆ ನಿಮ್ಮ ಪುಟಗಳು ಬೇಕಾಗಿಯೂ ಇರುತ್ತವೆ: ಮುಂದೆ ಮಧ್ಯಸ್ಥಿಕೆಯಲ್ಲಿ ನಷ್ಟ ತೋರಿಸಿ ಎಂದಾಗ ಅವರ ಕೈಯಲ್ಲೊಂದು ಕಾಗದವಿರುತ್ತದೆ. ನಮ್ಮ ವಿಷಯದಲ್ಲಿ ಹಾಗೇ ಆಯಿತು. ಹತ್ತೊಂಬತ್ತು ತಿಂಗಳ ವಿಳಂಬದಲ್ಲಿ ಹನ್ನೊಂದನ್ನು ಕ್ಷಮಿಸಿದರು, ಎಂಟಕ್ಕೆ ಪರಿಹಾರ ಉಳಿಸಿಕೊಂಡರು. ಅರೆಬರೆ ನ್ಯಾಯ, ಆದರೆ 8443ರಿಂದ ಹೊರಬಂದು ಆದಾಯಕ್ಕೆ ಜಮೆಯಾಯಿತು.

ಬೊಕ್ಕಸದಿಂದ ಊರಿಗೆ

‘ನಮ್ಮ ಹಣ ನಮಗೆ ಕೊಡಿ’ ಎಂದು ಬರೆದರೆ ಅರ್ಜಿ ಅಲ್ಲಿಗೇ ಸಾಯುತ್ತದೆ. ಸಂವಿಧಾನದ 266ನೇ ವಿಧಿಯ ಪ್ರಕಾರ ರಾಜ್ಯದ ಆದಾಯವೆಲ್ಲ ಸಂಚಿತ ನಿಧಿಗೆ ಸೇರಬೇಕು, ಕಾನೂನಿನ ದಾರಿಯಲ್ಲದೆ ಅದರಿಂದ ಪೈಸೆಯೂ ಹೊರಬರಕೂಡದು. ಕೆರೆಗೆ ಬಿದ್ದ ನೀರಿನಲ್ಲಿ ನಮ್ಮ ಹೊಲದ ನೀರು ಯಾವುದೆಂದು ಕೇಳಿದಂತೆ. ಗಣಿ ಪ್ರದೇಶದವರಿಗೆ ಪ್ರತ್ಯೇಕ ಕಾಲುವೆ ತೋಡಿದ್ದಾರೆ: 1957ರ ಗಣಿ ಕಾಯ್ದೆಗೆ 2015ರಲ್ಲಿ 9ಬಿ ಕಲಮು ಸೇರಿಸಿ, ಗಣಿಗಾರಿಕೆಯಿಂದ ಬಾಧಿತರಾದವರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದರು. ತಡವಾದ ರಸ್ತೆಯ ಧೂಳು ಕುಡಿದವರಿಗೆ ಅಂಥ ಕಾಲುವೆ ಇಲ್ಲ. ಇರಬೇಕು ಎಂಬುದು ನನ್ನ ಅಭಿಪ್ರಾಯ, ಶಾಸಕರು ಸಿಕ್ಕಾಗಲೆಲ್ಲ ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ.

ಅಲ್ಲಿಯವರೆಗೆ ಕೇಳಬೇಕಾದದ್ದು ಹೀಗೆ: ‘ಈ ಕಾಮಗಾರಿಯ ವಿಳಂಬಕ್ಕಾಗಿ ಸರ್ಕಾರಕ್ಕೆ ಇಷ್ಟು ಆದಾಯ ಜಮೆಯಾಗಿದೆ. ಅಷ್ಟೇ ಮೊತ್ತದ ಕಾಮಗಾರಿಗಳನ್ನು ಬಾಧಿತ ಗ್ರಾಮಗಳಿಗೆ ಮುಂದಿನ ಕ್ರಿಯಾ ಯೋಜನೆಯಲ್ಲಿ ಅಥವಾ ಪೂರಕ ಅಂದಾಜಿನಲ್ಲಿ ಒದಗಿಸಬೇಕು.’ ವೋಚರ್ ಸಂಖ್ಯೆ, ಜಮೆಯ ದಿನಾಂಕ ಎರಡನ್ನೂ ಬರೆಯಿರಿ. ಅಂಕಿ ಇರುವ ಪತ್ರಕ್ಕೆ ಅಂಕಿಯಲ್ಲೇ ಉತ್ತರಿಸಬೇಕಾಗುತ್ತದೆ.

ಹಂಚಿಕೆ: ಜಗಳವಾಗುವ ಜಾಗ

ನಮ್ಮ ರಸ್ತೆ ಎರಡು ಜಿಲ್ಲೆಗಳಲ್ಲಿ ಹಾದಿತ್ತು, ಬಿಲ್ಲು ಪಾವತಿಸಿದ್ದು ಒಂದೇ ವಿಭಾಗ. ಸುಮ್ಮನಿದ್ದರೆ ಬಿಲ್ಲು ಕೊಟ್ಟ ಜಿಲ್ಲೆಯವರೇ ಪೂರ್ತಿ ಕೇಳುತ್ತಾರೆ. ಗದಗದವರೂ ಹಾವೇರಿಯವರೂ 1997ರವರೆಗೆ ಒಂದೇ ಧಾರವಾಡ ಜಿಲ್ಲೆಯ ಅಣ್ಣತಮ್ಮಂದಿರು. ಪಾಲಿನ ಮಾತು ಬಂದಾಗ ಅಣ್ಣತಮ್ಮಂದಿರಂತೆಯೇ ಆಡಿದರು. ಕ್ರಾಸಿನ ದೊಡ್ಡ ಊರಿನವರು ‘ಜನಸಂಖ್ಯೆಯ ಮೇಲೆ ಹಂಚಿ’ ಎಂದರು, ತಮ್ಮ ಸರಹದ್ದಿನಲ್ಲಿ ರಸ್ತೆ ಉದ್ದವಿದ್ದವರು ‘ಕಿಲೋಮೀಟರ್ ಮೇಲೆ’ ಎಂದರು. ಕೊನೆಯ ಊರಿನವರು ಸಭೆಗೇ ಬಂದಿರಲಿಲ್ಲ, ಏಕೆಂದರೆ ಅವರಿಗೆ ಬಸ್ಸಿರಲಿಲ್ಲ.

ನಾನು ಹೇಳಿದ ಲೆಕ್ಕ ಇದು. ಪ್ರತಿ ಊರಿಗೂ ಮೂರು ಅಂಕಿ ತೆಗೆದುಕೊಳ್ಳಿ: ಜನಸಂಖ್ಯೆ, ರಸ್ತೆ ಕೆಟ್ಟಿದ್ದ ದಿನಗಳು, ಸುತ್ತುದಾರಿಯಿಂದ ಹೆಚ್ಚಾದ ಕಿಲೋಮೀಟರು. ಮೂರನ್ನೂ ಗುಣಿಸಿ. ಬಂದ ಗುಣಲಬ್ಧದ ಪ್ರಮಾಣದಲ್ಲಿ ಹಣ ಹಂಚಿ.

ಕಲಿಯಲು ಒಂದು ಕಾಲ್ಪನಿಕ ಲೆಕ್ಕ. ಹಂಚಬೇಕಾದದ್ದು 48 ಲಕ್ಷ. ಕ್ರಾಸಿನ ಊರಿನಲ್ಲಿ 4,000 ಜನ, 200 ದಿನ, 2 ಕಿ.ಮೀ. ಸುತ್ತು: ಗುಣಿಸಿದರೆ 16 ಲಕ್ಷ. ನಡುವಿನ ಊರು 2,500 ಜನ, 400 ದಿನ, 6 ಕಿ.ಮೀ.: 60 ಲಕ್ಷ. ಹಳ್ಳದಾಚೆಯ ಊರು 1,000 ಜನ, 400 ದಿನ, 11 ಕಿ.ಮೀ.: 44 ಲಕ್ಷ. ಒಟ್ಟು 120. ಹಾಗಾದರೆ ಪಾಲು ಕ್ರಮವಾಗಿ 6.4, 24 ಮತ್ತು 17.6 ಲಕ್ಷ ರೂಪಾಯಿ. ಇದನ್ನೇ ಬರೀ ಜನಸಂಖ್ಯೆಯ ಮೇಲೆ ಹಂಚಿದ್ದರೆ 25.6, 16 ಮತ್ತು 6.4 ಆಗುತ್ತಿತ್ತು. ಕ್ರಾಸಿನವರಿಗೆ ಹೆದ್ದಾರಿಯ ಬಸ್ಸು ಒಂದು ದಿನವೂ ತಪ್ಪಿರಲಿಲ್ಲ, ಆದರೂ ಸಿಂಹಪಾಲು ಅವರದ್ದು, ಹಳ್ಳದಾಚೆಯವರಿಗೆ ಚೂರು.

ಇದರಲ್ಲಿ ಲೋಪವಿಲ್ಲದಿಲ್ಲ. ಬಾಣಂತಿಯನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ ರಾತ್ರಿ ಯಾವ ಗುಣಾಕಾರದಲ್ಲೂ ಸಿಗುವುದಿಲ್ಲ. ಹೊಲದ ಮೇಲೆ ಕೂತ ಧೂಳೂ ಸಿಗುವುದಿಲ್ಲ. ಅದಕ್ಕೆ ಬೇಕಾದರೆ ಹತ್ತರಲ್ಲಿ ಒಂದು ಪಾಲು ಬೇರೆ ತೆಗೆದಿಡಿ. ಆದರೆ ನಾಲ್ಕನೆಯ ಅಂಕಿ, ಐದನೆಯ ಅಂಕಿ ಎಂದು ಸೇರಿಸುತ್ತ ಹೋಗಬೇಡಿ. ಕಟ್ಟೆಯ ಮೇಲೆ ಕುಳಿತವರು ಮೊಬೈಲಿನಲ್ಲಿ ತಾವೇ ಗುಣಿಸಿ ನೋಡುವಂತಿರಬೇಕು. ಹಾಗೆ ಗುಣಿಸಿ ನೋಡಿದ ಮೇಲೆಯೇ ನಮ್ಮ ಕ್ರಾಸಿನವರು ತಣ್ಣಗಾದದ್ದು.

ಠರಾವು

ಪ್ರತಿ ಊರಿನ ಗ್ರಾಮಸಭೆಯಲ್ಲಿ ಓದಿ, ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿ. ಎಲ್ಲ ಪಂಚಾಯಿತಿಗಳ ಠರಾವಿನಲ್ಲೂ ಅದೇ ಮೊತ್ತ, ಅದೇ ಹಂಚಿಕೆ ಇರಲಿ. ಒಂದರಲ್ಲಿ 24 ಇನ್ನೊಂದರಲ್ಲಿ 26 ಇದ್ದರೆ ಅದೇ ನೆಪವಾಗಿ ಕಡತ ಆರು ತಿಂಗಳು ಮಲಗುತ್ತದೆ. ಪ್ರತಿಗಳು ಕಾರ್ಯನಿರ್ವಾಹಕ ಎಂಜಿನಿಯರರಿಗೆ, ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿ ಮತ್ತು ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಶಾಸಕರಿಗೆ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ, ಜಿಲ್ಲಾ ಉಸ್ತುವಾರಿ ಸಚಿವರ ಕೆಡಿಪಿ ಸಭೆಯ ನಡಾವಳಿಯಲ್ಲಿ ಈ ವಿಷಯ ಒಂದು ಸಾಲಾಗಿಯಾದರೂ ದಾಖಲಾದರೆ ದೊಡ್ಡ ಗೆಲುವು, ಏಕೆಂದರೆ ಮುಂದಿನ ಸಭೆಯಲ್ಲಿ ಅದಕ್ಕೆ ಅನುಪಾಲನಾ ವರದಿ ಕೊಡಬೇಕಾಗುತ್ತದೆ. ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ತಿಂಗಳೆರಡು ಮುಂಚೆ ಪತ್ರ ತಲುಪಿದರೆ ಒಳ್ಳೆಯದು. ಮಾರ್ಚ್ ಕೊನೆಯ ವಾರ ಮಾತ್ರ ಯಾವ ಲೆಕ್ಕದ ಕಚೇರಿಯ ಬಾಗಿಲೂ ತಟ್ಟಬೇಡಿ. ಆಗ ನಾವು ಹೆಂಡತಿ ಮಕ್ಕಳ ಮಾತನ್ನೂ ಕೇಳುತ್ತಿರಲಿಲ್ಲ.

ಕೇಳುವ ಕಾಮಗಾರಿ ನಷ್ಟಕ್ಕೆ ಹೊಂದುವಂತಿರಲಿ. ಹಳ್ಳಕ್ಕೆ ಮೋರಿ, ಬಸ್ ತಂಗುದಾಣ, ಊರೊಳಗಿನ ರಸ್ತೆಗೆ ಗರಸು, ಚರಂಡಿ. ನಮ್ಮಲ್ಲೊಬ್ಬರು ಊರ ಬಾಗಿಲಿಗೆ ಕಮಾನು ಕಟ್ಟಿಸೋಣ ಎಂದರು, ಇನ್ನೊಬ್ಬರು ಸಮುದಾಯ ಭವನ ಎಂದರು. ಅಕ್ಕ ಹಿಂದಿನ ಸಾಲಿನಿಂದ ಎದ್ದು, ‘ಕಮಾನಿನ ಕೆಳಗೆ ಕೆಸರು ದಾಟುವುದು ಹೇಗೆ ಎಂದೂ ಠರಾವಿನಲ್ಲಿ ಬರೆಯಿರಪ್ಪಾ’ ಎಂದಳು. ಕಮಾನು ಅಲ್ಲಿಗೆ ಬಿತ್ತು.

ಹದಿನಾಲ್ಕು ತಿಂಗಳ ಮೇಲೆ ಹಳ್ಳಕ್ಕೆ ಎರಡು ಕಣ್ಣಿನ ಮೋರಿ ಮಂಜೂರಾಯಿತು, ನಾವು ಕೇಳಿದ್ದರ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮೊತ್ತ. ಮಂಜೂರಾತಿ ಆದೇಶವನ್ನು ತರಿಸಿ ಓದಿದೆ. ವಿಳಂಬದ ಪರಿಹಾರದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ‘ಗ್ರಾಮಸ್ಥರ ಬೇಡಿಕೆಯ ಮೇರೆಗೆ’ ಎಂದಿದೆ. ಉಳಿದ ಮೊತ್ತಕ್ಕೆ ಹಳೆಯ ಠರಾವುಗಳ ಪ್ರತಿ ಲಗತ್ತಿಸಿ ಎರಡನೆಯ ಪತ್ರ ಹೋಗಿದೆ. ಮೋರಿಯ ಕೆಲಸ ಈ ವಾರ ಶುರುವಾಯಿತು. ಮುಗಿಯಬೇಕಾದ ಅವಧಿ ಆರು ತಿಂಗಳು. ಫಲಕದ ಚಿತ್ರವನ್ನು ಮೊಮ್ಮಗಳು ಮೊದಲ ದಿನವೇ ತೆಗೆದುಕೊಂಡಿದ್ದಾಳೆ, ಹೊಸ ನೋಟುಬುಕ್ಕೂ ಬಂದಿದೆ.